ಕಾಲಡಿಯ ಮಣ್ಣನ್ನೇ ಮನೆಯಾಗಿಸಿದವರು: ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್

(ಸಂಘದ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದುವಿನಲ್ಲಿ ‘ಮೇಮಾರ್’ ಎಂಬ ಒಂದು ಪದವಿದೆ. ಕಟ್ಟುವವರು, ನಿರ್ಮಿಸುವವರು ಎಂದು ಅದರ ಅರ್ಥ. ಶಿಕ್ಷಕರ ದಿನಾಚರಣೆ ಬಂತೆಂದರೆ ನಮ್ಮನ್ನೆಲ್ಲ ‘ಕೌಮಿನ ಮೇಮಾರರು’ ಎಂದು ಹೊಗಳುವುದುಂಟು. ಕೇಳಲು ಹಿತವಾಗಿರುತ್ತದೆ. ಆದರೆ ತರಗತಿಯಲ್ಲಿ ಆ ಪದ ಬಂದಾಗ, ಕಲ್ಲು ಮಣ್ಣಿನಿಂದ ನಿಜವಾದ ಮನೆ ಕಟ್ಟುವ ಮೇಮಾರನ ಚಿತ್ರ ಬರೆಯಿರಿ ಎಂದರೆ ಎಲ್ಲ ಮಕ್ಕಳೂ ಗಂಡಸಿನ ಚಿತ್ರವನ್ನೇ ಬರೆಯುತ್ತಾರೆ. ಹೆಣ್ಣುಮಕ್ಕಳೂ ಹಾಗೆಯೇ ಬರೆಯುತ್ತಾರೆ. ಈ ದಿನ ನಾನು ಒಬ್ಬ ಮಹಿಳಾ ವಾಸ್ತುಶಿಲ್ಪಿಯ ಬಗ್ಗೆ ಮಾತನಾಡಲು ಆರಿಸಿಕೊಂಡದ್ದಕ್ಕೆ ಇದು ಒಂದು ಕಾರಣ. ಇನ್ನೊಂದು ಕಾರಣ ನನ್ನದೇ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಒಂಬತ್ತನೆಯ ತರಗತಿಯ ಉರ್ದು ನೋಟ್ಸ್ ತಿದ್ದುತ್ತಿದ್ದೆ. ಒಬ್ಬ ಹುಡುಗಿಯ ಪುಸ್ತಕದ ಕೊನೆಯ ಹಾಳೆಗಳ ತುಂಬ ಮನೆಯ ನಕ್ಷೆಗಳಿದ್ದವು. ಸ್ಕೇಲು ಹಿಡಿದು, ಅಳತೆ ಹಾಕಿ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದನ್ನೂ ಗುರುತು ಮಾಡಿ ಬರೆದ ನಕ್ಷೆಗಳು. ಕರೆದು ಕೇಳಿದೆ. “ನಮ್ಮ ಮನೆ ಟೀಚರ್. ಅಬ್ಬಾ ಸೌದಿಯಿಂದ ದುಡ್ಡು ಕಳಿಸ್ತಿದ್ದಾರೆ, ಕಟ್ಟಿಸ್ತಿದ್ದೇವೆ. ಮೇಸ್ತ್ರಿ ಮಾಡಿದ ಪ್ಲಾನಲ್ಲಿ ಅಡಿಗೆಮನೆಗೆ ಬೆಳಕೇ ಬರೋದಿಲ್ಲ. ಅಮ್ಮಿ ಹಗಲಲ್ಲೂ ಲೈಟ್ ಹಾಕ್ಬೇಕಾಗ್ತದೆ” ಎಂದಳು. ನಾನು ನಕ್ಕೆ. “ಉರ್ದು ಪುಸ್ತಕದಲ್ಲಿ ಇದೆಲ್ಲ ಬರೀಬಾರದು” ಎಂದೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಆಕೆ ಸಲಹೆ ಕೇಳಲು ಬಂದಾಗ, “ಗಣಿತ ಕಷ್ಟ, ಆರ್ಟ್ಸ್ ತೆಗೆದುಕೋ, ಮುಂದೆ ನನ್ನ ಹಾಗೆ ಬಿ.ಎಡ್. ಮಾಡು” ಎಂದೆ. ಗಣಿತದಲ್ಲಿ ಆಕೆಗೆ ಒಳ್ಳೆಯ ಅಂಕಗಳೇ ಇದ್ದವು.

ವರ್ಷಗಳ ನಂತರ ಒಂದು ಮದುವೆ ಮನೆಯಲ್ಲಿ ಅವಳು ಸಿಕ್ಕಿದಳು. ಮಡಿಲಲ್ಲಿ ಮಗುವಿತ್ತು. ಮಾತಿನ ನಡುವೆ, “ಟೀಚರ್, ಮನೆಯ ನಕ್ಷೆ ಮಾಡೋದಕ್ಕೇ ಒಂದು ಓದು ಇದೆಯಂತೆ. ಅದಕ್ಕೆ ಪಿಯುಸಿಯಲ್ಲಿ ಗಣಿತ ಬೇಕಂತೆ. ನಿಮಗೆ ಆಗ ಗೊತ್ತಿತ್ತಾ?” ಎಂದು ಕೇಳಿದಳು. ದೂರು ಹೇಳುವ ದನಿಯಲ್ಲ, ಸುಮ್ಮನೆ ಕೇಳಿದ್ದು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಾರಣಕ್ಕೆ ಒಬ್ಬಳ ದಾರಿಯನ್ನು ಮುಚ್ಚಿದೆನಲ್ಲ ಎಂಬ ನೋವು ಈಗಲೂ ಇದೆ. ಆ ದಿನದಿಂದ ನಾನು ಈ ವಿಷಯವನ್ನು ಓದಿ ತಿಳಿಯತೊಡಗಿದೆ. ಅಂದು ಅವಳಿಗೆ ಹೇಳಬೇಕಾಗಿದ್ದ ಮಾತುಗಳನ್ನು ಇಂದು ನಿಮಗೆ ಹೇಳುತ್ತಿದ್ದೇನೆ.

ನಮ್ಮ ದೇಶದಲ್ಲಿ ಹೆಣ್ಣುಮಕ್ಕಳು ಈ ವಿದ್ಯೆ ಕಲಿತದ್ದು ಇಂದು ನಿನ್ನೆಯಲ್ಲ. ಮುಂಬಯಿಯ ಪೆರಿನ್ ಜಮ್ಶೆಡ್‌ಜಿ ಮಿಸ್ತ್ರಿ ಎಂಬ ಪಾರ್ಸಿ ಮಹಿಳೆ 1936ರಲ್ಲಿಯೇ ಸರ್ ಜೆ.ಜೆ. ಕಲಾಶಾಲೆಯಿಂದ ವಾಸ್ತುಶಿಲ್ಪದ ಡಿಪ್ಲೊಮಾ ಪಡೆದರು. ಭಾರತದ ಮೊದಲ ಮಹಿಳಾ ವಾಸ್ತುಶಿಲ್ಪಿ ಎಂದು ಅವರನ್ನು ಗುರುತಿಸಲಾಗುತ್ತದೆ. ಬಾಗ್ದಾದಿನಲ್ಲಿ 1950ರಲ್ಲಿ ಹುಟ್ಟಿದ ಝಹಾ ಹದೀದ್ 2004ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದರು. ವಾಸ್ತುಶಿಲ್ಪದ ನೊಬೆಲ್ ಎಂದು ಕರೆಯಲಾಗುವ ಆ ಪ್ರಶಸ್ತಿ ಮಹಿಳೆಗೆ ಸಂದದ್ದು ಅದೇ ಮೊದಲು. ಆದರೆ ಬಾಗ್ದಾದು, ಲಂಡನ್ನು ನಮ್ಮ ಮಕ್ಕಳಿಗೆ ದೂರವೆನಿಸಬಹುದು. ಆದ್ದರಿಂದ ನಮ್ಮ ರಾಜ್ಯದಲ್ಲೇ, ಬೆಂಗಳೂರಿನಲ್ಲಿ ಕೆಲಸ ಮಾಡಿದ ಚಿತ್ರಾ ವಿಶ್ವನಾಥ್ ಅವರ ಬಗ್ಗೆ ಹೇಳುತ್ತೇನೆ.

ಚಿತ್ರಾ ಅವರು ಅಹಮದಾಬಾದಿನ ಹೆಸರಾಂತ ವಾಸ್ತುಶಿಲ್ಪ ಶಾಲೆಯಾದ ಸೆಪ್ಟ್‌ನಲ್ಲಿ ಓದಿದವರು. 1990ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಹೆಸರಿನಲ್ಲಿ ಕಚೇರಿ ತೆರೆದರು. ಆ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಿ. ಬೆಂಗಳೂರು ಬೆಳೆಯುತ್ತಿತ್ತು. ಸಿಮೆಂಟು, ಕಬ್ಬಿಣ, ಗಾಜು ಇವೇ ಅಭಿವೃದ್ಧಿಯ ಗುರುತು ಎಂದು ಜನ ತಿಳಿದಿದ್ದರು. ಮಣ್ಣಿನ ಮನೆ ಎಂದರೆ ಬಡವರ ಮನೆ, ಕೈಲಾಗದವರ ಮನೆ. ಅಂತಹ ಹೊತ್ತಿನಲ್ಲಿ ಓದಿದ ಒಬ್ಬ ಹೆಣ್ಣುಮಗಳು, ಮಹಾನಗರದ ನಡುವೆ, ಮಣ್ಣಿನಲ್ಲಿ ಮನೆ ಕಟ್ಟೋಣ ಎಂದು ಹೊರಟರು.

ಅವರು ಕಟ್ಟಿದ್ದು ಹಳೆಯ ಕಾಲದ ಮಣ್ಣುಗೋಡೆಯನ್ನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಗಿತ್ತು. ವಿಜ್ಞಾನವನ್ನು ಹಳ್ಳಿಗಳ ಉಪಯೋಗಕ್ಕೆ ತರುವುದು ಅದರ ಉದ್ದೇಶ. ಅಲ್ಲಿನ ಪ್ರೊಫೆಸರ್ ಕೆ.ಎಸ್. ಜಗದೀಶ್ ಮೊದಲಾದವರು ಒತ್ತುಮಣ್ಣಿನ ಇಟ್ಟಿಗೆಯ ಮೇಲೆ ಬಹಳ ವರ್ಷ ಕೆಲಸ ಮಾಡಿದರು. ಮೇಲ್ಮಣ್ಣನ್ನು ಬದಿಗಿಟ್ಟು, ಅದರ ಕೆಳಗಿನ ಮಣ್ಣನ್ನು ಜರಡಿ ಹಿಡಿದು, ನೂರಕ್ಕೆ ಐದರಿಂದ ಎಂಟು ಭಾಗದಷ್ಟು ಸಿಮೆಂಟು ಬೆರೆಸಿ, ಸ್ವಲ್ಪವೇ ನೀರು ಚಿಮುಕಿಸಿ, ಯಂತ್ರದಲ್ಲಿ ಒತ್ತಿ ತೆಗೆಯುವ ಇಟ್ಟಿಗೆ ಇದು. ಮೂರು ನಾಲ್ಕು ವಾರ ತೇವದಲ್ಲಿಟ್ಟರೆ ಗಟ್ಟಿಯಾಗುತ್ತದೆ. ಭಟ್ಟಿಯಲ್ಲಿ ಸುಡಬೇಕಾಗಿಲ್ಲ. ಸುಡದಿದ್ದರೆ ಸೌದೆಯೂ ಬೇಡ, ಹೊಗೆಯೂ ಇಲ್ಲ. ಪ್ರಯೋಗಾಲಯದಲ್ಲಿ ಹುಟ್ಟಿದ ಇಂತಹ ತಿಳಿವಳಿಕೆಯನ್ನು ನಗರದ ಮಧ್ಯಮ ವರ್ಗದವರ ನಿತ್ಯದ ಮನೆಗಳಿಗೆ ತಂದವರಲ್ಲಿ ಚಿತ್ರಾ ಅವರು ಮುಂಚೂಣಿಯವರು.

ಅವರು ತಮ್ಮ ವಿಚಾರವನ್ನು ತಮ್ಮ ಮೇಲೆಯೇ ಪ್ರಯೋಗಿಸಿದರು. ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ 1990ರ ದಶಕದ ನಡುವೆ ಕಟ್ಟಿದ ಅವರ ಸ್ವಂತ ಮನೆಯೇ ಅವರ ಮೊದಲ ಪಾಠಪುಸ್ತಕ ಎನ್ನಬಹುದು. ನೆಲಮಾಳಿಗೆಗಾಗಿ ತೋಡಿದ ಮಣ್ಣೇ ಗೋಡೆಯ ಇಟ್ಟಿಗೆಯಾಯಿತು. ಹೊರಗಿನಿಂದ ಲಾರಿಗಟ್ಟಲೆ ತರಿಸುವುದು ತಪ್ಪಿತು, ಅಗೆದ ಮಣ್ಣನ್ನು ಇನ್ನೊಬ್ಬರ ಕೆರೆಗೆ ಸುರಿಯುವುದೂ ತಪ್ಪಿತು. ಮಣ್ಣು ತೆಗೆದ ಜಾಗ ತಂಪಾದ ಕೋಣೆಯಾಯಿತು. ಮಾಡಿನ ಮೇಲೆ ಬಿದ್ದ ಮಳೆನೀರನ್ನು ಹಿಡಿದು ಬಳಸಿದರು. ಮಾಡಿನ ಮೇಲೆಯೇ ಗಿಡ ಬೆಳೆಸಿದರು. ತಾನು ಮಾಡದೆ ಬೇರೆಯವರಿಗೆ ಹೇಳುವುದು ಸುಲಭ. ತಾನೇ ಅದರಲ್ಲಿ ವಾಸ ಮಾಡಿ ತೋರಿಸುವುದು ಬೇರೆ ಮಾತು.

ಅವರ ಪತಿ ಎಸ್. ವಿಶ್ವನಾಥ್ ಅವರು ನೀರಿನ ವಿಷಯದಲ್ಲಿ ನಾಡಿಗೆಲ್ಲ ಪರಿಚಿತರು. ‘ರೇನ್‌ವಾಟರ್ ಕ್ಲಬ್’ ಮೂಲಕ ಮಳೆಕೊಯ್ಲನ್ನು ಜನರಿಗೆ ತಿಳಿಸಿದವರು. ಹೆಂಡತಿಯದು ಮಣ್ಣು, ಗಂಡನದು ನೀರು. 2008ರಲ್ಲಿ ಎರಡೂ ಕೆಲಸಗಳು ಸೇರಿ ‘ಬಯೋಮ್ ಎನ್ವಿರಾನ್‌ಮೆಂಟಲ್ ಸೊಲ್ಯೂಷನ್ಸ್’ ಎಂಬ ಸಂಸ್ಥೆಯಾಯಿತು. ಮನೆ, ಶಾಲೆ ಮೊದಲಾಗಿ ನೂರಾರು ಕಟ್ಟಡಗಳಲ್ಲಿ ಅವರ ಬಳಗದ ಕೈ ಇದೆ. ಬೆಂಗಳೂರಿನಲ್ಲಿ ನಿಗದಿತ ಅಳತೆಯ ನಿವೇಶನಗಳಿಗೆ ಮಳೆಕೊಯ್ಲು ಕಡ್ಡಾಯವೆಂದು ಕಾನೂನು ತಿದ್ದುಪಡಿ ಬಂದದ್ದು 2009ರಲ್ಲಿ. ಕಾನೂನು ಬರುವ ಎಷ್ಟೋ ವರ್ಷ ಮೊದಲೇ ಇವರ ಮನೆಯ ಮಾಡು ನೀರು ಕೊಡುತ್ತಿತ್ತು.

ಸ್ನೇಹಿತರೇ, ಅವರ ದೃಷ್ಟಿಕೋನದಲ್ಲಿ ನನಗೆ ಕಂಡ ಮೂರು ಮುಖ್ಯ ವಿಚಾರಗಳನ್ನು ಹೇಳುತ್ತೇನೆ.

ಮೊದಲನೆಯದು, ಕಟ್ಟುವ ಮೊದಲು ಜಾಗವನ್ನು ಓದಬೇಕು. ಮಣ್ಣು ಎಂತಹದು, ಗಾಳಿ ಎತ್ತಲಿಂದ ಬರುತ್ತದೆ, ಮಳೆ ಎಷ್ಟು, ಮರಗಳು ಎಲ್ಲಿವೆ ಎಂದು ತಿಳಿದ ಮೇಲೆಯೇ ನಕ್ಷೆ. ನಾವು ಶಿಕ್ಷಕರು ಮಗುವನ್ನು ಅರಿಯದೆ ಪಾಠ ಮಾಡಿದರೆ ಏನಾಗುತ್ತದೋ, ಜಾಗವನ್ನು ಅರಿಯದೆ ಕಟ್ಟಿದ ಮನೆಗೂ ಅದೇ ಆಗುತ್ತದೆ.

ಎರಡನೆಯದು, ಬೇಕಾದಷ್ಟೇ ಬಳಸಬೇಕು. ಇಟ್ಟಿಗೆ ಚೆನ್ನಾಗಿದ್ದರೆ ಅದರ ಮೇಲೆ ಗಾರೆ ಏಕೆ, ಬಣ್ಣ ಏಕೆ? ಬೆಳಕು ಗಾಳಿ ಸರಿಯಾಗಿ ಬಂದರೆ ಹಗಲಲ್ಲಿ ದೀಪ ಏಕೆ? ಅನಾವಶ್ಯಕ ಖರ್ಚು ಸಲ್ಲದು ಎಂದು ನಮಗೂ ಹಿರಿಯರು ಕಲಿಸಿದ್ದಾರೆ. ಮದುವೆಯ ಇಸ್ರಾಫ್ ಬಗ್ಗೆ ನಾವು ಭಾಷಣ ಮಾಡುತ್ತೇವೆ, ಮನೆ ಕಟ್ಟುವಾಗಿನ ಇಸ್ರಾಫ್ ಬಗ್ಗೆ ಮಾತೇ ಎತ್ತುವುದಿಲ್ಲ.

ಮೂರನೆಯದು, ಕೈಕೆಲಸದವರ ತಿಳಿವಳಿಕೆಗೆ ಗೌರವ. ಬೆಂಗಳೂರಿನ ಸುತ್ತ ತಲೆಮಾರುಗಳಿಂದ ಬಾವಿ ತೋಡುತ್ತಾ ಬಂದ ಮಣ್ಣು ವಡ್ಡರ ಸಮುದಾಯವಿದೆ. ಕೊಳವೆಬಾವಿ ಬಂದ ಮೇಲೆ ಅವರಿಗೆ ಕೆಲಸವಿಲ್ಲದಾಯಿತು. ಇಂಗುಬಾವಿಗಳನ್ನು ತೋಡಿಸಿ ಮಳೆನೀರನ್ನು ನೆಲಕ್ಕೆ ಇಳಿಸುವ ‘ಹತ್ತು ಲಕ್ಷ ಬಾವಿ’ಗಳ ಪ್ರಯತ್ನದಲ್ಲಿ ಬಯೋಮ್ ಬಳಗ ಈ ಜನರನ್ನೇ ಮುಂದಿಟ್ಟುಕೊಂಡಿತು. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಲ್ಲದೆ ಒದ್ದಾಡಿದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದೇವೆ. ಬಾವಿ ತೋಡುವವನ ವಿದ್ಯೆಯೂ ವಿದ್ಯೆಯೇ ಎಂದು ಆಗ ಎಷ್ಟೋ ಜನರಿಗೆ ಅರ್ಥವಾಗಿರಬೇಕು.

ಈಗ ನಮ್ಮ ಊರಿಗೆ ಬರೋಣ. “ಟೀಚರ್, ನಮ್ಮ ಮಳೆಗೆ ಮಣ್ಣಿನ ಮನೆ ನಿಲ್ಲುತ್ತದೆಯೇ?” ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಬೆಂಗಳೂರಿನ ಉತ್ತರವನ್ನು ಕುಂದಾಪುರದಲ್ಲಿ ಹಾಗೆಯೇ ಬರೆದರೆ ಅದು ನಕಲು ಹೊಡೆದಂತೆ. ಜಾಗವನ್ನು ಓದಬೇಕು ಎಂದೇ ಅಲ್ಲವೇ ಮೊದಲ ಪಾಠ? ನಮ್ಮ ಹಿರಿಯರು ಜಾಗವನ್ನು ಓದಿದ್ದರು. ನೆಲದಿಂದ ಕಡಿದು ತೆಗೆದ ಮುರಕಲ್ಲು, ಮೇಲೆ ಹೆಂಚಿನ ಇಳಿಜಾರು ಮಾಡು, ಗೋಡೆಗೆ ಇರಿಚಲು ಬಡಿಯದಂತೆ ಮುಂದಕ್ಕೆ ಚಾಚಿದ ಸೂರು, ಮುಂದೆ ಜಗಲಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಉದ್ಯಮ ಕರಾವಳಿಯುದ್ದಕ್ಕೂ ಹಬ್ಬಿತು. ನಮ್ಮ ಕುಂದಾಪುರಕ್ಕೂ ಹೆಂಚಿನಿಂದ ಹೆಸರು ಬಂತು. ಇಲ್ಲಿನ ಜೇಡಿಮಣ್ಣೇ ನಮ್ಮ ತಲೆಯ ಮೇಲಿನ ಸೂರಾಗಿತ್ತು.

ಇಂದು ನಮ್ಮ ಬೀದಿಗಳಲ್ಲಿ ನಡೆದು ನೋಡಿ. ಕೊಲ್ಲಿ ದೇಶಗಳಲ್ಲಿ ಬಿಸಿಲಿನಲ್ಲಿ ಬೆವರು ಸುರಿಸಿ ನಮ್ಮ ತಂದೆಯರು, ಅಣ್ಣಂದಿರು ದುಡಿದು ಕಳಿಸಿದ ಹಣದಿಂದ ಮನೆಗಳು ಎದ್ದಿವೆ. ಅವರ ದುಡಿಮೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಚಪ್ಪಟೆ ಸ್ಲ್ಯಾಬಿನ ಅಡಿಯಲ್ಲಿ ಏಪ್ರಿಲ್ ತಿಂಗಳ ರಾತ್ರಿ ನಿದ್ದೆ ಬಾರದೆ ಹೊರಳುವವರು ಯಾರು? ಮಳೆಗಾಲದಲ್ಲಿ ಸ್ಲ್ಯಾಬು ಸೋರುತ್ತದೆಂದು ಅದರ ಮೇಲೆ ಮತ್ತೆ ತಗಡಿನ ಮಾಡು ಹಾಕಿಸುವವರು ಯಾರು? ನಾವೇ. ಎರಡು ಸಲ ಮಾಡು ಕಟ್ಟಿ ಎರಡು ಸಲ ಖರ್ಚು ಮಾಡುತ್ತಿದ್ದೇವೆ.

ನೀರಿನ ಲೆಕ್ಕವನ್ನೂ ಮಾಡೋಣ. ಇದನ್ನು ನಾನು ಕನ್ನಡ ತರಗತಿಯಲ್ಲಿಯೇ ಮಕ್ಕಳಿಂದ ಮಾಡಿಸಿದ್ದೇನೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. 100 ಚದರ ಮೀಟರ್, ಅಂದರೆ ಸಾವಿರ ಚದರ ಅಡಿಗಿಂತ ತುಸು ಹೆಚ್ಚಿನ ಮಾಡಿನ ಮೇಲೆ ಬೀಳುವುದು ನಾಲ್ಕು ಲಕ್ಷ ಲೀಟರ್. ಅದೇ ಅಳತೆಯ ಮಾಡಿಗೆ ಬೆಂಗಳೂರಿನಲ್ಲಿ ಸಿಗುವುದು ಸುಮಾರು ಒಂದು ಲಕ್ಷ ಲೀಟರ್ ಮಾತ್ರ. ಐದು ಜನರ ಮನೆಯಲ್ಲಿ ತಲೆಗೆ ದಿನಕ್ಕೆ ನೂರು ಲೀಟರ್ ಎಂದರೂ ವರ್ಷಕ್ಕೆ ಬೇಕಾಗುವುದು 1,82,500 ಲೀಟರ್. ಬೀಳುವುದು ಅದರ ಎರಡು ಪಟ್ಟಿಗಿಂತ ಹೆಚ್ಚು! ಆದರೂ ಮಾರ್ಚ್ ಕಳೆದರೆ ಹೊಳೆ, ಕಡಲ ಬದಿಯ ಎಷ್ಟೋ ಮನೆಗಳ ಬಾವಿನೀರು ಉಪ್ಪಾಗುತ್ತದೆ, ಟ್ಯಾಂಕರ್ ಕಾಯಬೇಕಾಗುತ್ತದೆ. ನಾಲ್ಕು ತಿಂಗಳಲ್ಲಿ ಸುರಿಯುವ ಅಷ್ಟನ್ನೂ ತೊಟ್ಟಿಯಲ್ಲಿ ತುಂಬಿಡಲಾಗದು, ನಿಜ. ಆದರೆ ಸೋಸಿ ಬಾವಿಗೆ ಬಿಡಬಹುದು, ಅಂಗಳದಲ್ಲಿ ಇಂಗಿಸಬಹುದು. ನಾವು ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿ ನೀರನ್ನು ರಸ್ತೆಗೆ ಅಟ್ಟುತ್ತಿದ್ದೇವೆ.

ಇಲ್ಲಿ ತಾಯಂದಿರಿಗೆ ಒಂದು ಮಾತು. ಉಪ್ಪುನೀರು ಬಂದಾಗ ಸಿಹಿನೀರಿಗಾಗಿ ಕೊಡ ಹಿಡಿದು ಹೋಗುವವರು ನಾವು. ಕತ್ತಲ ಅಡಿಗೆಮನೆಯಲ್ಲಿ ದಿನದ ಬಹುಪಾಲು ಕಳೆಯುವವರು ನಾವು. ಮುರಕಲ್ಲು ಹೊತ್ತು, ಗಾರೆ ಹೊತ್ತು ಮನೆ ಕಟ್ಟುವ ಕೆಲಸದಲ್ಲಿ ಹೆಣ್ಣಾಳುಗಳು ಮೊದಲಿನಿಂದಲೂ ಇದ್ದಾರೆ. ಮನೆಯ ಸುಖ ದುಃಖ ಎಲ್ಲ ತಿಳಿದವಳು ಹೆಣ್ಣು, ಆದರೆ ನಕ್ಷೆಯ ಮುಂದೆ ಕುಳಿತು “ಇಲ್ಲಿ ಕಿಟಕಿ ಬೇಕು” ಎಂದು ಹೇಳುವ ಹೊತ್ತಿಗೆ ಅವಳು ಒಳಗೆ ಚಹಾ ಮಾಡುತ್ತಿರುತ್ತಾಳೆ.

ಅದನ್ನು ಬದಲಿಸಿದವರೂ ಇದ್ದಾರೆ. ಪಾಕಿಸ್ತಾನದ ಮೊದಲ ಮಹಿಳಾ ವಾಸ್ತುಶಿಲ್ಪಿ ಯಾಸ್ಮೀನ್ ಲಾರಿ ಅವರು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಓದಿ ಬಂದು ಕರಾಚಿಯಲ್ಲಿ ದೊಡ್ಡ ದೊಡ್ಡ ಕಚೇರಿ ಕಟ್ಟಡಗಳನ್ನು ಕಟ್ಟಿದವರು. 2000ದಲ್ಲಿ ಆ ವೃತ್ತಿಯಿಂದ ನಿವೃತ್ತರಾದರು. 2005ರ ಭೂಕಂಪದಲ್ಲಿ ಜನ ಮನೆ ಕಳೆದುಕೊಂಡಾಗ ಮತ್ತೆ ಹೊರಟು, ಮಣ್ಣು, ಸುಣ್ಣ, ಬಿದಿರುಗಳಿಂದ ಬಡವರು ತಾವೇ ಕಟ್ಟಿಕೊಳ್ಳಬಹುದಾದ ಮನೆಗಳನ್ನು ಕಲಿಸಿದರು. ಹಳ್ಳಿಯ ಹೆಂಗಸರು ಹೊಗೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಅಡಿಗೆ ಮಾಡುವುದನ್ನು ಕಂಡು, ಮಣ್ಣಿನ ಕಟ್ಟೆಯ ಮೇಲಿನ ಹೊಗೆರಹಿತ ಒಲೆಯನ್ನು ರೂಪಿಸಿದರು. 2023ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆ ಅವರಿಗೆ ರಾಯಲ್ ಗೋಲ್ಡ್ ಮೆಡಲ್ ನೀಡಿತು. ಗಗನಚುಂಬಿ ಕಟ್ಟಡ ಎಷ್ಟು ವಾಸ್ತುಶಿಲ್ಪವೋ ಒಂದು ಒಲೆಯೂ ಅಷ್ಟೇ ವಾಸ್ತುಶಿಲ್ಪ ಎಂಬುದು ಅವರಿಂದ ನಾನು ಕಲಿತ ಪಾಠ.

ಈಗ ವಿದ್ಯಾರ್ಥಿಗಳಿಗೆ ಕೆಲಸಕ್ಕೆ ಬರುವ ಮಾತು. ದಯವಿಟ್ಟು ಬರೆದುಕೊಳ್ಳಿ. ವಾಸ್ತುಶಿಲ್ಪದ ಪದವಿಯ ಹೆಸರು ಬಿ.ಆರ್ಕ್. ಐದು ವರ್ಷಗಳ ಓದು. ಅದಕ್ಕೆ ಪಿಯುಸಿಯಲ್ಲಿ ಗಣಿತ ಇರಲೇಬೇಕು. ವಿಜ್ಞಾನ ವಿಭಾಗದಲ್ಲಿ ಭೌತಶಾಸ್ತ್ರ, ಗಣಿತ ತೆಗೆದುಕೊಳ್ಳುವುದು ಸುರಕ್ಷಿತ. ಜೊತೆಗೆ ‘ನಾಟಾ’ ಎಂಬ ಅರ್ಹತಾ ಪರೀಕ್ಷೆ ಇದೆ. ವಾಸ್ತುಶಿಲ್ಪ ಪರಿಷತ್ತು ಅದನ್ನು ನಡೆಸುತ್ತದೆ. ಚಿತ್ರ ಬರೆಯುವ ಕೈ, ಅಳತೆ ಗ್ರಹಿಸುವ ಕಣ್ಣು ಅಲ್ಲಿ ಪರೀಕ್ಷೆಯಾಗುತ್ತದೆ. ನಿಯಮಗಳು ಆಗಾಗ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ನೋಡಿಕೊಳ್ಳಿ. ಓದು ಮುಗಿಸಿ, 1972ರ ವಾಸ್ತುಶಿಲ್ಪಿಗಳ ಕಾಯಿದೆಯ ಪ್ರಕಾರ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ‘ಆರ್ಕಿಟೆಕ್ಟ್’ ಎಂದು ಹಾಕಿಕೊಳ್ಳಬಹುದು. ಇದಕ್ಕಾಗಿ ದೆಹಲಿಗೆ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಮಣಿಪಾಲದಲ್ಲಿಯೇ ಈ ಓದು ಇದೆ.

ಕಷ್ಟವನ್ನೂ ಮುಚ್ಚಿಡುವುದಿಲ್ಲ. ಖಾಸಗಿ ಕಾಲೇಜುಗಳಲ್ಲಿ ಶುಲ್ಕ ಹೆಚ್ಚು. ಓದು ದೀರ್ಘ. ಮೊದಲ ಕೆಲವು ವರ್ಷ ಸಂಬಳ ಕಡಿಮೆಯೇ. ಬಿಸಿಲಲ್ಲಿ ಕಟ್ಟಡದ ಕೆಲಸ ನಡೆಯುವಲ್ಲಿಗೆ ಹೋಗಿ ನಿಲ್ಲಬೇಕು. ಆದ್ದರಿಂದಲೇ ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ವೈದ್ಯಕೀಯ, ಇಂಜಿನಿಯರಿಂಗ್ ಓದುವವರಿಗೆ ನೆರವು ನೀಡುವಾಗ ವಾಸ್ತುಶಿಲ್ಪ ಓದಬಯಸುವ ಒಂದು ಮಗುವನ್ನೂ ನೆನಪಿಡಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲಲ್ಲ, ಬರುವ ಮೊದಲೇ ಮಾರ್ಗದರ್ಶನ ಶಿಬಿರ ನಡೆಸಿ. ವಿಷಯ ಆರಿಸಿಯಾದ ಮೇಲೆ ಕೊಡುವ ಸಲಹೆ, ಪಾಯ ಹಾಕಿದ ಮೇಲೆ ಬದಲಿಸುವ ನಕ್ಷೆಯ ಹಾಗೆ.

ಪೋಷಕರೇ, ಮುಂದಿನ ಸಲ ಮನೆ ಕಟ್ಟಿಸುವಾಗ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಹೆಂಡತಿಯನ್ನೂ ಮಗಳನ್ನೂ ಕರೆದು ಕೂರಿಸಿ. “ನಿನಗೆ ಎಲ್ಲಿ ಬೆಳಕು ಬೇಕು?” ಎಂದು ಒಂದು ಮಾತು ಕೇಳಿ. ಅದಕ್ಕೆ ದುಡ್ಡು ಖರ್ಚಾಗುವುದಿಲ್ಲ.

ನನ್ನ ಶಿಕ್ಷಕ ಬಂಧುಗಳೇ, ನಮಗೆ ಗೊತ್ತಿರುವ ನಾಲ್ಕು ಕೆಲಸಗಳಿಗೆ ಮಾತ್ರ ಮಕ್ಕಳನ್ನು ಕಳಿಸುವುದು ಬೇಡ. ನಮಗೆ ಗೊತ್ತಿಲ್ಲದಿದ್ದರೆ “ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ” ಎನ್ನೋಣ. ನಾನು ಅಂದು ಇಷ್ಟು ಹೇಳಿದ್ದರೆ ಸಾಕಾಗುತ್ತಿತ್ತು. ನೋಟ್ಸ್ ತಿದ್ದುವಾಗ ಕೊನೆಯ ಹಾಳೆಗಳನ್ನೂ ತಿರುಗಿಸಿ ನೋಡೋಣ. ಮಕ್ಕಳು ನಮಗೆ ತೋರಿಸಬೇಕಾದದ್ದನ್ನು ಮುಂದಿನ ಹಾಳೆಗಳಲ್ಲಿ ಬರೆಯುತ್ತಾರೆ, ತಮಗೆ ಬೇಕಾದದ್ದನ್ನು ಅಲ್ಲಿ ಬರೆಯುತ್ತಾರೆ.

ಅಂದು ಆ ಹುಡುಗಿ ಬರೆದ ನಕ್ಷೆಯಲ್ಲಿ ಅಡಿಗೆಮನೆಯ ಕಿಟಕಿ ಪೂರ್ವಕ್ಕಿತ್ತು. ಬೆಳಗಿನ ಬೆಳಕು ಬರಲಿ ಎಂದು. ಅವಳು ಹೇಳಿದ್ದು ಸರಿಯಾಗಿತ್ತು.